ಕ್ರೆಡಿಟ್ ಕಾರ್ಡ್ ಬಳಸುವ ನಿರ್ಧಾರ: ಆದಾಯ, ವಯಸ್ಸು ಬಿಟ್ಟು ಇನ್ನೇನು ಅಳೆಯಬೇಕು?

ಪ್ರಶ್ನೆ: ಕರಡುಪ್ರತಿ

ಜನ ಕ್ರೆಡಿಟ್ ಕಾರ್ಡ್ ಬಳಸಲು ಏನೇನು ಕಾರಣ ಎಂಬ ಬಗ್ಗೆ ಒಂದು ಸಮೀಕ್ಷೆಗೆ ಪ್ರಶ್ನಾವಳಿ ಸಿದ್ಧಪಡಿಸುತ್ತಿದ್ದೇನೆ. ಮೊದಲ ಭಾಗ ಮಾಮೂಲಿ: ವಯಸ್ಸು, ಆದಾಯ, ಓದು, ಉದ್ಯೋಗ. ಎರಡನೇ ಭಾಗದಲ್ಲಿ ‘ಸ್ವಲ್ಪವೂ ಒಪ್ಪುವುದಿಲ್ಲ’ ಎಂಬಲ್ಲಿಂದ ‘ಪೂರ್ತಿ ಒಪ್ಪುತ್ತೇನೆ’ ಎಂಬವರೆಗೆ ಐದು ಹಂತದ ಹೇಳಿಕೆಗಳಿವೆ: ‘ಕಾರ್ಡ್ ಬಳಸುವುದು ಸುಲಭ’, ‘ಕಾರ್ಡ್‌ನಿಂದ ಉಪಯೋಗವಿದೆ’, ‘ಹತ್ತಿರದವರು ಬಳಸುತ್ತಾರೆ’, ‘ಸುರಕ್ಷಿತ ಅನ್ನಿಸುತ್ತದೆ’. ಕೊನೆಯಲ್ಲಿ ‘ಮುಂದೆಯೂ ಬಳಸುತ್ತೇನೆ’. ಇದೇ ಫಲಿತ ಚರಾಂಶ, ಉಳಿದವೆಲ್ಲ ಅದನ್ನು ವಿವರಿಸಬೇಕು.

ಕೆಲವರಿಂದ ತುಂಬಿಸಿ ನೋಡಿದಾಗ ಮೂರು ತೊಡಕು ಕಂಡಿವೆ. ಹೆಚ್ಚುಕಡಿಮೆ ಎಲ್ಲರೂ 4 ಅಥವಾ 5ಕ್ಕೇ ಗುರುತು ಹಾಕುತ್ತಾರೆ. ಪ್ರತಿ ತಿಂಗಳು ಪೂರ್ತಿ ಬಿಲ್ ಕಟ್ಟುವವರಿಗೂ ಬಡ್ಡಿ ಕಟ್ಟುತ್ತಲೇ ಇರುವವರಿಗೂ ಉತ್ತರಗಳಲ್ಲಿ ವ್ಯತ್ಯಾಸವೇ ಇಲ್ಲ. ಇನ್ನು ಆದಾಯದ ಪ್ರಭಾವ ಎದ್ದು ಕಾಣುತ್ತದೆ, ಆದರೆ ಆದಾಯ ನೋಡಿಯೇ ಬ್ಯಾಂಕ್ ಕಾರ್ಡ್ ಕೊಡುವುದರಿಂದ ಅದು ಜನರ ನಿರ್ಧಾರವೋ ಬ್ಯಾಂಕಿನದೋ ಹೇಳುವುದು ಕಷ್ಟ. ಎಲ್ಲಿ ತಿದ್ದಬೇಕು? ಯಾವ ಅಂಶಗಳು ನಿಜಕ್ಕೂ ಕೆಲಸ ಮಾಡುತ್ತವೆ ಎಂಬುದನ್ನು ಬಲ್ಲವರು ಬಿಡಿಸಿ ಹೇಳಿದರೆ ಉಪಕಾರವಾಗುತ್ತದೆ.

ಉತ್ತರ: ಬಾಕಿಲೆಕ್ಕ

ಹೇಳಿಕೆಗಳಿಗೆ ಕೈ ಹಾಕುವ ಮೊದಲು ಫಲಿತ ಚರಾಂಶವನ್ನು ಬದಲಿಸಿ. ‘ಬಳಸುತ್ತೇನೆ’ ಎಂಬ ಒಂದೇ ಮಾತಿನಲ್ಲಿ ನಾಲ್ಕು ನಿರ್ಧಾರಗಳು ಕಲಸಿಹೋಗಿವೆ: ಕಾರ್ಡ್ ಮಾಡಿಸುವುದು, ದುಡ್ಡು ಕೊಡುವ ಹೊತ್ತಿಗೆ ಅದನ್ನೇ ಹೊರತೆಗೆಯುವುದು, ಡ್ಯೂ ಡೇಟ್‌ಗೆ ಎಷ್ಟು ಕಟ್ಟುವುದು, ಬಾಕಿ ಇದ್ದರೂ ಅದರ ಮೇಲೆ ಮತ್ತೆ ಖರ್ಚು ಮಾಡುವುದು. ಒಂದನ್ನು ಅಲುಗಾಡಿಸುವ ಅಂಶ ಇನ್ನೊಂದನ್ನು ಮುಟ್ಟದೆಯೂ ಇರಬಹುದು. ಎಲ್ಲವನ್ನೂ ಸೇರಿಸಿ ಸರಾಸರಿ ತೆಗೆದರೆ ನಿಮಗೆ ಸಿಕ್ಕಿರುವಂಥ ಸಪ್ಪೆ 4-5 ಸಿಗುತ್ತದೆ.

ಬಡ್ಡಿ ದರವನ್ನೇ ನೋಡಿ. ಕಾರ್ಡ್ ಮಾಡಿಸುವಾಗ ಹೆಚ್ಚಿನವರು ಅದರ ಕಡೆ ಕಣ್ಣು ಹಾಯಿಸುವುದಿಲ್ಲ. ಅಮೆರಿಕದಲ್ಲಿ 1980ರ ದಶಕದಲ್ಲಿ ಬ್ಯಾಂಕುಗಳಿಗೆ ಹಣ ಸಿಗುವ ವೆಚ್ಚ ಇಳಿದರೂ ಕಾರ್ಡ್ ಬಡ್ಡಿ ಮಾತ್ರ ವರ್ಷಕ್ಕೆ ಶೇ 18ರ ಆಸುಪಾಸಿನಲ್ಲೇ ನಿಂತಿತ್ತು. ಸಾವಿರಾರು ಬ್ಯಾಂಕುಗಳು ಪೈಪೋಟಿಯಲ್ಲಿದ್ದ ಮಾರುಕಟ್ಟೆ ಅದು. ಅರ್ಥಶಾಸ್ತ್ರಜ್ಞ ಲಾರೆನ್ಸ್ ಆಸುಬೆಲ್ 1991ರಲ್ಲಿ ಇದಕ್ಕೆ ಕೊಟ್ಟ ವಿವರಣೆಗಳಲ್ಲಿ ಒಂದು ಹೀಗಿದೆ: ಕಾರ್ಡ್ ಪಡೆಯುವವರಲ್ಲಿ ಬಹಳಷ್ಟು ಮಂದಿ ತಾವು ಬಾಕಿ ಉಳಿಸಿಕೊಳ್ಳುವುದಿಲ್ಲ ಎಂದೇ ನಂಬಿರುತ್ತಾರೆ, ಹಾಗಾಗಿ ದರ ಹೋಲಿಸುವ ಗೋಜಿಗೆ ಹೋಗುವುದಿಲ್ಲ. ಆಮೇಲೆ ಬಾಕಿ ಉಳಿಯುತ್ತದೆ. ‘ಬಡ್ಡಿ ದರ ನಿಮಗೆ ಮುಖ್ಯವೇ’ ಎಂದು ಕೇಳಿದರೆ ಎಲ್ಲರೂ ಹೌದು ಅನ್ನುತ್ತಾರೆ. ‘ನಿಮ್ಮ ಕಾರ್ಡಿನ ಬಡ್ಡಿ ದರ ಎಷ್ಟು’ ಎಂದು ಕೇಳಿ, ಅಲ್ಲಿ ವ್ಯತ್ಯಾಸ ಹೊರಬೀಳುತ್ತದೆ.

ಕಾರ್ಡ್ ಮಾಡಿಸುವ ಹಂತದಲ್ಲಿ ಕಣ್ಣಿಗೆ ಬೀಳುವುದು ವಾರ್ಷಿಕ ಶುಲ್ಕ, ಸೇರಿದಾಗ ಕೊಡುವ ಬೋನಸ್, ರಿವಾರ್ಡ್ ಪಾಯಿಂಟ್. ಪಾಯಿಂಟಿನ ಎಣಿಕೆ ದೊಡ್ಡದಾಗಿ ಕಾಣುತ್ತದೆ, ಬೆಲೆ ಕಾಣುವುದಿಲ್ಲ. 100 ಖರ್ಚಿಗೆ 2 ಪಾಯಿಂಟ್, ಒಂದು ಪಾಯಿಂಟಿಗೆ 0.25 ಬೆಲೆ ಅಂದರೆ ನಿಜವಾದ ಲಾಭ ಶೇ 0.5. ವಾರ್ಷಿಕ ಶುಲ್ಕ 500 ಇದ್ದರೆ ಅದನ್ನು ಸರಿದೂಗಿಸುವುದಕ್ಕೇ ವರ್ಷದಲ್ಲಿ 1,00,000 ಖರ್ಚಾಗಬೇಕು. ತಿಂಗಳಿಗೆ ಶೇ 3 ಬಡ್ಡಿಯಿದ್ದು ಒಂದು ಮೊತ್ತ ಒಂದೇ ತಿಂಗಳು ಬಾಕಿ ನಿಂತರೂ, ಅದರ ಆರು ಪಟ್ಟು ಖರ್ಚಿನಿಂದ ಗಳಿಸಿದ ಪಾಯಿಂಟ್ ಹೋದಂತೆಯೇ. ‘ವರ್ಷಕ್ಕೆ ಇಂತಿಷ್ಟು ಖರ್ಚು ಮಾಡಿದರೆ ಶುಲ್ಕ ಮನ್ನಾ’ ಎಂಬ ಷರತ್ತಿನ ಬಗ್ಗೆ ಪ್ರತ್ಯೇಕ ಪ್ರಶ್ನೆ ಇರಲಿ. ಗುರಿಗೆ ಸ್ವಲ್ಪವೇ ಕಡಿಮೆಯಿದ್ದಾಗ ಬೇಡದ್ದನ್ನೂ ಕೊಳ್ಳುವ ಒತ್ತಡ ಅಲ್ಲಿಂದ ಹುಟ್ಟುತ್ತದೆ.

ದುಡ್ಡು ಕೊಡುವ ಹೊತ್ತಿನದು ಬೇರೆಯೇ ಲೆಕ್ಕ. ಅಲ್ಲಿ ಮನೋಭಾವಕ್ಕಿಂತ ವ್ಯವಸ್ಥೆ ಹೆಚ್ಚು ಕೆಲಸ ಮಾಡುತ್ತದೆ. ಆ್ಯಪ್‌ನಲ್ಲಿ ಮೊದಲೇ ಆಯ್ಕೆಯಾಗಿ ಕೂತಿರುವ ಕಾರ್ಡ್ ಯಾವುದು, ಚಂದಾ ಯಾವುದರಿಂದ ತಾನಾಗಿ ಕಡಿತವಾಗುತ್ತದೆ, ಅಂಗಡಿಯವರು ಕಾರ್ಡಿಗೆ ಹೆಚ್ಚುವರಿ ಶುಲ್ಕ ಹಾಕುತ್ತಾರೆಯೇ, ಪಿನ್ ಒತ್ತಬೇಕೇ ಇಲ್ಲವೇ ತಾಗಿಸಿದರೆ ಸಾಕೇ. ಇವನ್ನು ‘ಬಳಸುವುದು ಸುಲಭ’ ಎಂಬ ಒಂದು ಹೇಳಿಕೆಯಲ್ಲಿ ಹಿಡಿಯಲಾಗದು.

ಕೈಯಿಂದ ನೋಟು ಹೋಗುವಾಗ ಆಗುವ ಸಂಕಟ ಕಾರ್ಡ್ ಉಜ್ಜುವಾಗ ಅಷ್ಟಾಗಿ ಆಗುವುದಿಲ್ಲ ಎಂಬುದಕ್ಕೆ ಗಟ್ಟಿ ಪ್ರಯೋಗಗಳಿವೆ. ಡ್ರೇಜನ್ ಪ್ರೆಲೆಕ್ ಮತ್ತು ಡಂಕನ್ ಸಿಮೆಸ್ಟರ್ 2001ರಲ್ಲಿ ಪ್ರಕಟಿಸಿದ ಹರಾಜು ಪ್ರಯೋಗದಲ್ಲಿ ಬ್ಯಾಸ್ಕೆಟ್‌ಬಾಲ್ ಪಂದ್ಯದ ಟಿಕೆಟ್‌ಗಳಿಗೆ ಕಾರ್ಡಿನಿಂದ ಪಾವತಿಸಬೇಕಾದವರು ಕೂಗಿದ ಬೆಲೆ, ನಗದು ಕೊಡಬೇಕಾದವರ ಬೆಲೆಯ ಸುಮಾರು ಎರಡರಷ್ಟಿತ್ತು. ಕಾರ್ಡಿನ ಚಿಹ್ನೆ ಕಂಡರೆ ಸಾಕು, ಖರ್ಚು ಹೆಚ್ಚುತ್ತದೆ ಎಂಬ 1986ರ ಇನ್ನೊಂದು ಫಲಿತಾಂಶವನ್ನೂ ಬಹಳ ಮಂದಿ ಉಲ್ಲೇಖಿಸುತ್ತಾರೆ. ಅದು ಮರುಪ್ರಯೋಗದಲ್ಲಿ ಹಾಗೇ ನಿಲ್ಲಲಿಲ್ಲ, ಹಾಗಾಗಿ ಅದರ ಮೇಲೆ ವಾದ ಕಟ್ಟಬೇಡಿ. ಇತ್ತೀಚೆಗೆ, 2021ರಲ್ಲಿ, ಮೆದುಳಿನ ಸ್ಕ್ಯಾನ್ ಬಳಸಿ ಮಾಡಿದ ಅಧ್ಯಯನವೊಂದು ಇದಕ್ಕೆ ಇನ್ನೊಂದು ಮುಖವಿದೆ ಎಂದು ತೋರಿಸಿತು: ಕಾರ್ಡಿನಿಂದ ಕೊಳ್ಳುವಾಗ ಆಸೆ, ಪ್ರತಿಫಲಕ್ಕೆ ಸಂಬಂಧಿಸಿದ ಭಾಗವೂ ಚುರುಕಾಗುತ್ತದೆ. ಅಂದರೆ ಸಂಕಟ ಕಡಿಮೆಯಾಗುವುದಷ್ಟೇ ಕಾರಣವಲ್ಲ, ಕೊಳ್ಳುವ ಸೆಳೆತವೂ ಹೆಚ್ಚುತ್ತದೆ.

ಉತ್ತರ: ಮಿನಿಮಮ್‌ಡ್ಯೂ

ಮೇಲಿನವರು ಹೇಳಿದ ನಾಲ್ಕರಲ್ಲಿ ಮೂರನೆಯದೇ, ಎಷ್ಟು ಕಟ್ಟುವುದು ಎಂಬುದೇ, ಜನರ ಜೇಬಿಗೆ ಅತಿ ಹೆಚ್ಚು ಹೊಡೆತ ಕೊಡುವುದು. ನಿಮ್ಮ ಕರಡಿನಲ್ಲಿ ಅದರ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ.

ಸ್ಟೇಟ್‌ಮೆಂಟಿನ ತಲೆಯಲ್ಲೇ ಎರಡು ಮೊತ್ತ ಇರುತ್ತವೆ: ಒಟ್ಟು ಬಾಕಿ ಮತ್ತು ಮಿನಿಮಮ್ ಡ್ಯೂ, ಅಂದರೆ ಆ ತಿಂಗಳು ಕಟ್ಟಲೇಬೇಕಾದ ಕನಿಷ್ಠ ಮೊತ್ತ. ಎರಡನೆಯದು ಅಲ್ಲಿರುವುದೇ ಒಂದು ಪ್ರಭಾವ. ನೀಲ್ ಸ್ಟೀವರ್ಟ್ 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜನರಿಗೆ ಕಾಲ್ಪನಿಕ ಬಿಲ್ ಒಂದನ್ನು ಕೊಟ್ಟು ಎಷ್ಟು ಕಟ್ಟುತ್ತೀರಿ ಎಂದು ಕೇಳಲಾಯಿತು. ಅರ್ಧ ಜನರ ಬಿಲ್‌ನಲ್ಲಿ ಮಿನಿಮಮ್ ಮೊತ್ತ ಇತ್ತು, ಉಳಿದವರದರಲ್ಲಿ ಇರಲಿಲ್ಲ. ಭಾಗಶಃ ಕಟ್ಟುವವರಲ್ಲಿ, ಅದನ್ನು ನೋಡಿದವರು ಕಟ್ಟಲು ಒಪ್ಪಿದ ಮೊತ್ತ ಗಮನಾರ್ಹವಾಗಿ ಕಡಿಮೆ. ಪೂರ್ತಿ ಕಟ್ಟುವವರ ಮೇಲೆ ಅದರ ಪ್ರಭಾವ ಆಗಲಿಲ್ಲ. ಕನಿಷ್ಠ ಎಂದು ಬರೆದ ಅಂಕಿಯನ್ನು ಜನ ಸಲಹೆಯಂತೆ ಓದಿಕೊಳ್ಳುತ್ತಾರೆ.

ಆ ಅಂಕಿ ಏನು ಮಾಡುತ್ತದೆ ನೋಡಿ. ಬಾಕಿ 10,000, ಬಡ್ಡಿ ತಿಂಗಳಿಗೆ ಶೇ 3, ಮಿನಿಮಮ್ ಡ್ಯೂ ಬಾಕಿಯ ಶೇ 5 ಎಂದಿಟ್ಟುಕೊಳ್ಳಿ. ಹೊಸ ಖರ್ಚು ಇಲ್ಲ. ಮೊದಲ ತಿಂಗಳು 300 ಬಡ್ಡಿ ಸೇರಿ 10,300, ಅದರ ಶೇ 5 ಅಂದರೆ 515 ಕಟ್ಟಿದರೆ ಉಳಿಯುವುದು 9,785. ಪ್ರತಿ ತಿಂಗಳೂ ಬಾಕಿ ಇಳಿಯುವುದು ಶೇ 2.15 ಮಾತ್ರ. ವರ್ಷ ಮುಗಿದಾಗ ಕಟ್ಟಿದ್ದು ಸುಮಾರು 5,500, ಅದರಲ್ಲಿ ಬಡ್ಡಿಗೇ ಹೋದದ್ದು ಸುಮಾರು 3,200, ಉಳಿದ ಬಾಕಿ ಇನ್ನೂ 7,700. ಅರ್ಧಕ್ಕೆ ಇಳಿಯಲು ಸುಮಾರು 32 ತಿಂಗಳು ಬೇಕು. ಬಾಕಿ ಇಳಿದಂತೆ ಮಿನಿಮಮ್ ಕೂಡ ಇಳಿಯುವುದೇ ಇದಕ್ಕೆ ಕಾರಣ. ಅದೇ ಜನ ಮೊದಲ ತಿಂಗಳಿನ 515ನ್ನೇ ಪಟ್ಟು ಹಿಡಿದು ಕಟ್ಟುತ್ತಾ ಹೋದರೆ ಎರಡೂವರೆ ವರ್ಷದ ಸುಮಾರಿಗೆ ಸಾಲವೇ ತೀರುತ್ತದೆ.

ಇನ್ನೊಂದು, ಬಹಳ ಮಂದಿ ಎಡವುವ ಜಾಗ. 10,000 ಬಿಲ್‌ನಲ್ಲಿ 9,000 ಕಟ್ಟಿದವರು ಉಳಿದ 1,000ಕ್ಕೆ ಮಾತ್ರ ಬಡ್ಡಿ ಬೀಳುತ್ತದೆ ಎಂದುಕೊಳ್ಳುತ್ತಾರೆ. ಅನೇಕ ಕಾರ್ಡ್‌ಗಳ ಒಪ್ಪಂದ ಹಾಗಿಲ್ಲ. ಪೂರ್ತಿ ಕಟ್ಟದಿದ್ದರೆ ಬಡ್ಡಿರಹಿತ ಅವಧಿಯೇ ರದ್ದಾಗಿ, ಖರೀದಿಸಿದ ದಿನದಿಂದ ಪೂರ್ತಿ 10,000ದ ಮೇಲೆ ಬಡ್ಡಿ ಓಡುತ್ತದೆ. ಖರೀದಿಗೂ ಪಾವತಿಗೂ ನಡುವೆ 45 ದಿನ, ದರ ವರ್ಷಕ್ಕೆ ಶೇ 36 ಆದರೆ ಅದೇ ಸುಮಾರು 444. ಆಮೇಲೆ ಉಳಿದ 1,000ದ ಮೇಲೆ ತಿಂಗಳಿಗೆ 30ರಷ್ಟು ಬೇರೆ. ಬಾಕಿ ಪೂರ್ತಿ ತೀರುವವರೆಗೆ ಹೊಸ ಖರೀದಿಗೂ ಮೊದಲ ದಿನದಿಂದಲೇ ಬಡ್ಡಿ. ದೇಶದಿಂದ ದೇಶಕ್ಕೆ, ಕಾರ್ಡಿನಿಂದ ಕಾರ್ಡಿಗೆ ಈ ನಿಯಮ ಬದಲಾಗುತ್ತದೆ, ಹಾಗಾಗಿ ಒಪ್ಪಂದದಲ್ಲಿ ಬಡ್ಡಿ ಲೆಕ್ಕ ಹಾಕುವ ವಿಧಾನದ ಸಾಲನ್ನೇ ಹುಡುಕಿ ಓದಬೇಕು. ಎಟಿಎಂನಲ್ಲಿ ಕ್ರೆಡಿಟ್ ಕಾರ್ಡಿನಿಂದ ನಗದು ತೆಗೆದರೆ ಸಾಮಾನ್ಯವಾಗಿ ಬಡ್ಡಿರಹಿತ ಅವಧಿಯೇ ಇಲ್ಲ, ಮೇಲೆ ಶುಲ್ಕವೂ ಉಂಟು.

ಆಟೋ ಪೇ, ಅಂದರೆ ಬಿಲ್ ಹಣ ಖಾತೆಯಿಂದ ತಾನಾಗಿ ಕಡಿತವಾಗುವ ಏರ್ಪಾಡಿನ ಬಗ್ಗೆಯೂ ಕೇಳಿ: ಇಲ್ಲ, ಮಿನಿಮಮ್‌ಗೆ, ಒಂದು ನಿಗದಿತ ಮೊತ್ತಕ್ಕೆ, ಪೂರ್ತಿ ಬಿಲ್‌ಗೆ. ಮಿನಿಮಮ್‌ಗೆ ಆಟೋ ಪೇ ಇಟ್ಟವರು ತಡಪಾವತಿ ದಂಡದಿಂದ ಪಾರಾಗುತ್ತಾರೆ, ನಿಜ. ಆದರೆ ನೆನಪಿಟ್ಟು ಕೈಯಾರೆ ಹೆಚ್ಚು ಕಟ್ಟುವುದನ್ನೂ ಬಿಟ್ಟುಬಿಡುತ್ತಾರೆ. ಬ್ರಿಟನ್ನಿನಲ್ಲಿ ಆಟೋ ಪೇ ಆಯ್ಕೆಗಳಿಂದ ಮಿನಿಮಮ್ ಅನ್ನು ಎದ್ದುಕಾಣದಂತೆ ಮಾಡಿ ಪ್ರಯೋಗ ನಡೆಸಿದರು. ನಿಗದಿತ ಮೊತ್ತ ಆರಿಸಿಕೊಂಡವರ ಸಂಖ್ಯೆ ಚೆನ್ನಾಗಿ ಏರಿತು, ಸಾಲ ಮಾತ್ರ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ಆರಿಸಿಕೊಂಡ ಮೊತ್ತ ಮಿನಿಮಮ್‌ಗಿಂತ ತುಸುವೇ ಹೆಚ್ಚಿತ್ತು, ಕೆಲವರು ಆಟೋ ಪೇ ಸಹವಾಸವನ್ನೇ ಬಿಟ್ಟರು. ಪರದೆಯ ಮೇಲಿನ ಆಯ್ಕೆ ಬದಲಾಯಿತೆಂದರೆ ಸಾಲವೂ ಬದಲಾಯಿತು ಎಂದು ಬರೆದುಬಿಡಬೇಡಿ, ಬಾಕಿಯನ್ನೇ ಅಳೆಯಿರಿ.

ಉತ್ತರ: ಚಾರ್ಜ್‌ಬ್ಯಾಕ್

ಇಬ್ಬರ ಮಾತೂ ಸರಿ, ಆದರೆ ಓದಿದವರಿಗೆ ಕಾರ್ಡ್ ಬಳಕೆ ಅಂದರೆ ಬರೀ ಮನಸ್ಸಿನ ದೌರ್ಬಲ್ಯ ಅನ್ನಿಸೀತು. ಪೂರ್ತಿ ಬಿಲ್ ಕಟ್ಟುವವರಿಗೆ ಗಟ್ಟಿ ಕಾರಣಗಳಿವೆ, ಅವುಗಳಿಗೂ ಪ್ರಶ್ನಾವಳಿಯಲ್ಲಿ ಜಾಗ ಬೇಕು.

ಸ್ಟೇಟ್‌ಮೆಂಟ್ ಅವಧಿ 30 ದಿನ, ಡ್ಯೂ ಡೇಟ್ ಅದರ ನಂತರ 20 ದಿನಕ್ಕೆ ಎಂದಾದರೆ, ಅವಧಿಯ ಮೊದಲ ದಿನ ಕೊಂಡದ್ದಕ್ಕೆ ಸುಮಾರು 50 ದಿನ, ಕೊನೆಯ ದಿನ ಕೊಂಡದ್ದಕ್ಕೆ 20 ದಿನ ಬಡ್ಡಿಯಿಲ್ಲದ ಹಣ. ಸಂಬಳದ ದಿನಾಂಕಕ್ಕೂ ಸ್ಟೇಟ್‌ಮೆಂಟ್ ದಿನಾಂಕಕ್ಕೂ ಹೊಂದಾಣಿಕೆ ಇದೆಯೇ ಎಂಬುದು ಯಾರು ಪೂರ್ತಿ ಕಟ್ಟುತ್ತಾರೆ ಎಂಬುದರ ಮೇಲೆ ನೇರ ಪರಿಣಾಮ ಬೀರುತ್ತದೆ. ಡ್ಯೂ ಡೇಟ್ ಸಂಬಳಕ್ಕಿಂತ ಎರಡು ದಿನ ಮೊದಲು ಬಿದ್ದರೆ ಶಿಸ್ತಿನವರೂ ತಪ್ಪುತ್ತಾರೆ. ಎರಡು ದಿನಾಂಕ ಕೇಳುವುದಕ್ಕೆ ಖರ್ಚೇನಿಲ್ಲ, ಆದರೂ ಇದನ್ನು ಕೇಳುವವರು ಕಡಿಮೆ.

ಎರಡನೆಯದು ವಿವಾದದ ಹಕ್ಕು. ಸರಕು ಬರಲಿಲ್ಲ, ಗೊತ್ತಿಲ್ಲದ ವಹಿವಾಟು ನಡೆದಿದೆ ಅಂದಾಗ, ಡೆಬಿಟ್ ಕಾರ್ಡ್ ಆದರೆ ತನಿಖೆ ಮುಗಿಯುವವರೆಗೆ ಹೋಗಿರುವುದು ನಮ್ಮ ಖಾತೆಯ ಹಣ. ಕ್ರೆಡಿಟ್ ಕಾರ್ಡ್ ಆದರೆ ವಿವಾದ ಇರುವುದು ಬ್ಯಾಂಕಿನ ಹಣದ ಮೇಲೆ. ಹೋಟೆಲ್, ಬಾಡಿಗೆ ಕಾರಿನವರು ಠೇವಣಿಯಾಗಿ ಮೊತ್ತ ತಡೆಹಿಡಿಯುವಾಗಲೂ ಇದೇ ವ್ಯತ್ಯಾಸ. ‘ಸುರಕ್ಷಿತ ಅನ್ನಿಸುತ್ತದೆ’ ಎಂಬ ನಿಮ್ಮ ಹೇಳಿಕೆಯಲ್ಲಿ ಒಬ್ಬರು ಇದನ್ನು ಮನಸ್ಸಿನಲ್ಲಿಟ್ಟು 5 ಹಾಕುತ್ತಾರೆ, ಇನ್ನೊಬ್ಬರು ಜೇಬಿನಲ್ಲಿ ನೋಟಿನ ಕಟ್ಟು ಬೇಡ ಎಂಬ ಕಾರಣಕ್ಕೆ 5 ಹಾಕುತ್ತಾರೆ. ಒಡೆದು ಕೇಳಿ.

ಪ್ರಶ್ನಿಸಿದವರು: ಕರಡುಪ್ರತಿ

ಎಲ್ಲರಿಗೂ ಧನ್ಯವಾದ, ಫಲಿತ ಚರಾಂಶವನ್ನು ನಾಲ್ಕಾಗಿ ಒಡೆಯುತ್ತೇನೆ. ಇನ್ನೆರಡು ಅನುಮಾನ. ಉಳಿತಾಯ ಖಾತೆಯಲ್ಲಿ ಹಣ ಇಟ್ಟುಕೊಂಡೇ ಕಾರ್ಡಿಗೆ ಬಡ್ಡಿ ಕಟ್ಟುವವರಿದ್ದಾರೆ. ಅದನ್ನು ತಿಳಿವಳಿಕೆಯ ಕೊರತೆ ಎಂದು ಗುರುತಿಸಬಹುದೇ? ಮತ್ತೆ, ಬ್ಯಾಂಕಿನ ನಿರ್ಧಾರವನ್ನು ಜನರ ನಿರ್ಧಾರದಿಂದ ಬೇರ್ಪಡಿಸುವುದು ಹೇಗೆ?

ಉತ್ತರ: ಮಾದರಿಗಾತ್ರ

ಮೊದಲನೆಯದಕ್ಕೆ: ಹಾಗೆ ಗುರುತಿಸಬೇಡಿ. ಉಳಿತಾಯ ಇದ್ದೂ ಬಡ್ಡಿ ಕಟ್ಟುವವರು ಅನೇಕ ದೇಶಗಳ ಅಂಕಿಅಂಶಗಳಲ್ಲಿ ಕಾಣುತ್ತಾರೆ, ಅದಕ್ಕೆ ಒಂದಕ್ಕಿಂತ ಹೆಚ್ಚು ಕಾರಣಗಳಿವೆ. ಬಾಡಿಗೆಯಂಥ ಕೆಲವು ಖರ್ಚುಗಳಿಗೆ ಕಾರ್ಡ್ ನಡೆಯದೇ ಇರಬಹುದು, ಅದಕ್ಕೆ ಕೈಯಲ್ಲಿ ಹಣ ಬೇಕೇ ಬೇಕು. ಬ್ಯಾಂಕ್ ನಾಳೆ ಲಿಮಿಟ್ ಇಳಿಸಿಬಿಟ್ಟರೆ ಎಂಬ ಭಯವೂ ಉಂಟು. ಮಕ್ಕಳ ಫೀಸಿನ ಹಣ ಎಂದು ಮನಸ್ಸಿನಲ್ಲೇ ಹೆಸರು ಬರೆದಿಟ್ಟ ಮೊತ್ತವನ್ನು ಮುಟ್ಟದವರು ಇನ್ನು ಕೆಲವರು. ‘ಆ ಉಳಿತಾಯದಿಂದ ಬಾಕಿ ತೀರಿಸದಿರಲು ಕಾರಣವೇನು’ ಎಂದು ನೇರವಾಗಿ ಕೇಳಿ, ಈ ಮೂರನ್ನೂ ಆಯ್ಕೆಗಳಾಗಿ ಕೊಡಿ.

ತಿಳಿವಳಿಕೆಯನ್ನು ಬೇರೆಯಾಗಿ ಅಳೆಯಿರಿ. ಅನ್ನಮರಿಯಾ ಲುಸಾರ್ಡಿ ಮತ್ತು ಪೀಟರ್ ತುಫಾನೊ ಬಳಸಿದ ಮಾದರಿಯ ಎರಡು ಪ್ರಶ್ನೆ ಸಾಕು. ಒಂದು: ಕಾರ್ಡಿನಲ್ಲಿ 1,000 ಸಾಲ, ವರ್ಷಕ್ಕೆ ಶೇ 20 ಚಕ್ರಬಡ್ಡಿ, ಏನೂ ಕಟ್ಟದಿದ್ದರೆ ಎಷ್ಟು ವರ್ಷಕ್ಕೆ ಎರಡರಷ್ಟಾಗುತ್ತದೆ? ನಾಲ್ಕು ವರ್ಷದೊಳಗೆ. ಇನ್ನೊಂದು: 3,000 ಸಾಲ, ವರ್ಷಕ್ಕೆ ಶೇ 12, ಅಂದರೆ ತಿಂಗಳಿಗೆ ಶೇ 1, ತಿಂಗಳಿಗೆ 30 ಕಟ್ಟಿದರೆ ಯಾವಾಗ ತೀರುತ್ತದೆ? ಎಂದಿಗೂ ಇಲ್ಲ, ಆ 30 ಬಡ್ಡಿಗೇ ಸರಿಹೋಗುತ್ತದೆ. ‘ಗೊತ್ತಿಲ್ಲ’ ಎಂಬ ಆಯ್ಕೆ ಇರಲೇಬೇಕು. ತಪ್ಪು ಉತ್ತರ ಕೊಟ್ಟವರೂ ಗೊತ್ತಿಲ್ಲ ಅಂದವರೂ ಬೇರೆ ಬೇರೆ ಗುಂಪು.

ತಿಳಿವಳಿಕೆಯ ಜೊತೆ ಆತುರದ ಗುಣವನ್ನೂ ಅಳೆಯಬಹುದು. ಇವತ್ತು ಇಷ್ಟು ಬೇಕೋ ಒಂದು ತಿಂಗಳ ನಂತರ ಸ್ವಲ್ಪ ಹೆಚ್ಚು ಬೇಕೋ ಎಂದು ಕೇಳಿ. ಆಮೇಲೆ ಅದೇ ಮೊತ್ತಗಳನ್ನು ಆರು ತಿಂಗಳು, ಏಳು ತಿಂಗಳಿಗೆ ಸರಿಸಿ ಕೇಳಿ. ದೂರದ ಆಯ್ಕೆಯಲ್ಲಿ ಕಾಯಲು ಒಪ್ಪಿ ಹತ್ತಿರದ್ದರಲ್ಲಿ ಒಪ್ಪದವರು ಕಾರ್ಡ್ ಸಾಲ ಇಟ್ಟುಕೊಂಡಿರುವ ಸಾಧ್ಯತೆ ಹೆಚ್ಚು ಎಂದು ಸ್ಟೀಫನ್ ಮೈಯರ್ ಮತ್ತು ಚಾರ್ಲ್ಸ್ ಸ್ಪ್ರೆಂಗರ್ 2010ರಲ್ಲಿ ತೋರಿಸಿದರು. ಅವರು ನಿಜವಾದ ಹಣ ಕೊಟ್ಟು ಕೇಳಿದ್ದರು. ಬರೀ ಕಾಲ್ಪನಿಕ ಮೊತ್ತವಾದರೆ ಉತ್ತರ ಅಷ್ಟು ನಂಬುವಂಥದ್ದಲ್ಲ.

ಎರಡನೆಯದಕ್ಕೆ: ಬ್ಯಾಂಕಿನ ಪಾಲನ್ನು ಪ್ರಶ್ನೆಗಳಲ್ಲೇ ಹಿಡಿಯಬೇಕು. ತಾವಾಗಿ ಅರ್ಜಿ ಹಾಕಿದರೇ, ಬ್ಯಾಂಕೇ ಮುಂದಾಗಿ ಕೊಟ್ಟಿತೇ? ಅರ್ಜಿ ತಿರಸ್ಕಾರವಾಗಿತ್ತೇ? ತಿರಸ್ಕರಿಸುತ್ತಾರೆಂದು ಅರ್ಜಿಯನ್ನೇ ಹಾಕದವರೇ? ಕಾರ್ಡ್ ಇಲ್ಲದವರನ್ನು ಹೀಗೆ ಮೂರು-ನಾಲ್ಕಾಗಿ ಒಡೆಯದಿದ್ದರೆ ‘ಬೇಡ’ ಅಂದವರೂ ‘ಸಿಗಲಿಲ್ಲ’ ಅಂದವರೂ ಒಂದೇ ಆಗಿಬಿಡುತ್ತಾರೆ. ಲಿಮಿಟ್ ಎಷ್ಟು, ಕೊನೆಯ ಬಾರಿ ಏರಿದ್ದು ಕೇಳಿಕೊಂಡೋ ತಾನಾಗಿಯೋ ಎಂಬುದೂ ಬೇಕು. ಡೇವಿಡ್ ಗ್ರಾಸ್ ಮತ್ತು ನಿಕೊಲಸ್ ಸುಲೆಲೆಸ್ 2002ರಲ್ಲಿ ತೋರಿಸಿದಂತೆ ಲಿಮಿಟ್ ಏರಿಸಿದರೆ, ಏರಿಕೆಯ ಶೇ 10ರಿಂದ 14ರಷ್ಟು ಹೊಸ ಸಾಲವಾಗಿ ಬರುತ್ತದೆ. ಹಳೆಯ ಲಿಮಿಟ್ಟಿನ ಹತ್ತಿರಕ್ಕೂ ಹೋಗದವರಲ್ಲೂ ಸಾಲ ಏರಿತ್ತು. ದಿಲೀಪ್ ಸೋಮನ್ ಮತ್ತು ಅಮರ್ ಚೀಮಾ ಅವರ ವಾದವನ್ನೂ ಇಲ್ಲಿ ಸೇರಿಸಿ ನೋಡಿ: ಇಷ್ಟು ಲಿಮಿಟ್ ಕೊಟ್ಟಿದ್ದಾರೆಂದರೆ ಮುಂದೆ ನನ್ನ ಆದಾಯ ಇಷ್ಟಿರುತ್ತದೆ ಎಂದು ಜನ ಅಂದಾಜಿಸಿಕೊಳ್ಳುತ್ತಾರೆ.

ವಿಶ್ಲೇಷಣೆಗೆ ಎರಡು ಹಂತದ ಮಾದರಿ ಬಳಸಿ: ಮೊದಲು ಕಾರ್ಡ್ ಇದೆಯೇ, ಆಮೇಲೆ ಇದ್ದವರಲ್ಲಿ ಬಾಕಿ ಉಳಿಸುತ್ತಾರೆಯೇ. ಮೊದಲನೆಯದನ್ನು ಮಾತ್ರ ಪ್ರಭಾವಿಸುವ ಒಂದು ಅಂಶ ಬೇಕು. ಸಂಬಳ ಬರುವ ಬ್ಯಾಂಕ್ ಅರ್ಜಿಯಿಲ್ಲದೆ ಕಾರ್ಡ್ ಕೊಟ್ಟಿತೇ ಎಂಬುದು ಒಂದು ಮಟ್ಟಿಗೆ ಸರಿಹೊಂದೀತು, ಸಮರ್ಥಿಸಿಕೊಳ್ಳಲು ಸಿದ್ಧರಿರಿ. ಸಂಖ್ಯೆಯನ್ನೂ ಲೆಕ್ಕ ಹಾಕಿಕೊಳ್ಳಿ: 400 ಜನರಲ್ಲಿ 200 ಮಂದಿಗೆ ಕಾರ್ಡ್ ಇದ್ದು, ಅವರಲ್ಲಿ ಮೂರನೇ ಒಂದು ಭಾಗ ಬಾಕಿ ಉಳಿಸುವವರಾದರೆ ನಿಮ್ಮ ಕೈಯಲ್ಲಿರುವುದು 66 ಜನ. ಒಂದು ಅಂಶಕ್ಕೆ ಕನಿಷ್ಠ ಹತ್ತು ಜನ ಎಂಬ ರೂಢಿಯ ಲೆಕ್ಕದಲ್ಲಿ ಆರು ಅಂಶಗಳಷ್ಟೇ ತಾಳುತ್ತವೆ. ಹದಿನೈದು ಹಾಕಿದರೆ ಫಲಿತಾಂಶ ಪ್ರತಿ ಸಲವೂ ಬೇರೆ ಬರುತ್ತದೆ.

ಬಾಕಿಯನ್ನು ನೆನಪಿನಿಂದ ಬರೆಸಬೇಡಿ. ಅಮೆರಿಕದ ಕುಟುಂಬ ಸಮೀಕ್ಷೆಗಳಲ್ಲಿ ಜನ ಹೇಳುವ ಒಟ್ಟು ಕಾರ್ಡ್ ಸಾಲ, ಸಾಲ ಕೊಟ್ಟವರ ಲೆಕ್ಕಕ್ಕಿಂತ ಬಹಳ ಕಡಿಮೆ ಬರುತ್ತದೆ. ಆ್ಯಪ್ ತೆರೆದು ಕೊನೆಯ ಮೂರು ಸ್ಟೇಟ್‌ಮೆಂಟ್ ನೋಡಿ ಗುರುತು ಹಾಕಲು ಹೇಳಿ: ಪೂರ್ತಿ ಕಟ್ಟಿದೆ, ಮಿನಿಮಮ್‌ಗಿಂತ ಹೆಚ್ಚು ಕಟ್ಟಿದೆ, ಮಿನಿಮಮ್ ಮಾತ್ರ, ಏನೂ ಕಟ್ಟಲಿಲ್ಲ. ಕಾರ್ಡ್ ಸಂಖ್ಯೆ, ಬ್ಯಾಂಕಿನ ಹೆಸರು, ಸ್ಕ್ರೀನ್‌ಶಾಟ್ ಏನನ್ನೂ ಕೇಳಬೇಡಿ, ಕೇಳುವುದಿಲ್ಲವೆಂದು ಮೊದಲೇ ಬರೆದುಬಿಡಿ. ಮೂರೂ ತಿಂಗಳು ಪೂರ್ತಿ ಕಟ್ಟಿದವರು ಒಂದು ಗುಂಪು, ಮೂರರಲ್ಲೂ ಬಾಕಿ ಉಳಿಸಿದವರು ಇನ್ನೊಂದು. ನಡುವಿನವರನ್ನು ಯಾವುದಕ್ಕೂ ಸೇರಿಸದೆ ಬೇರೆಯಾಗಿಡಿ, ಸಂಬಳದ ದಿನಾಂಕದ ಪ್ರಶ್ನೆ ಕೆಲಸಕ್ಕೆ ಬರುವುದು ಹೆಚ್ಚಾಗಿ ಇವರಲ್ಲೇ.

ಪ್ರಶ್ನೆಗಳ ಅನುಕ್ರಮ: ಸ್ಟೇಟ್‌ಮೆಂಟ್ ಭಾಗ ಮೊದಲು, ಒಪ್ಪಿಗೆಯ ಹೇಳಿಕೆಗಳು ಆಮೇಲೆ, ಬಡ್ಡಿಯ ಎರಡು ಲೆಕ್ಕ ಕಟ್ಟಕಡೆಗೆ. ಆ ಲೆಕ್ಕಗಳು ಮುಂಚೆ ಬಂದರೆ ಜನ ಎಚ್ಚೆತ್ತುಕೊಂಡು ಮುಂದಿನ ಹೇಳಿಕೆಗಳಿಗೆ ಬೇರೆಯೇ ಉತ್ತರ ಬರೆಯುತ್ತಾರೆ.